ತಾಂಬೂಲವೂ ಗಲ್ಲದ ತಾಳ್ಮೆಯೂ

ನಮ್ಮ ಜಿಲ್ಲೆಯಲ್ಲಿ ಮನೆಗೆ ಬಂದವರಿಗೆ ಬೆಲ್ಲವನ್ನೂ ನೀರನ್ನೂ ಕೊಟ್ಟಾದ ಬಳಿಕ ವೀಳ್ಯದ ಹರಿವಾಣವನ್ನು ಮುಂದಿರಿಸುವುದು ಬಹು ಹಿಂದಿನಿಂದ ನಡೆದುಬಂದ ಮರ್ಯಾದೆ. ನಾನಿರುವ ಕುಲಶೇಖರದಲ್ಲಿ ಕುಂಬಾರರ ವೀರನಾರಾಯಣ ದೇವಸ್ಥಾನವೂ ಉಂಟು, 1873ನೆಯ ಇಸವಿಯಲ್ಲಿ ಸ್ಥಾಪಿತವಾದ ಹೋಲಿ ಕ್ರಾಸ್ ಇಗರ್ಜಿಯೂ ಉಂಟು. ಒಂದು ಕಡೆಯ ಮದುವೆಯಲ್ಲಿ ಬಚ್ಚಿರೆ ಬಜ್ಜೆಯಿ ಎಂದೂ ಇನ್ನೊಂದು ಕಡೆಯ ಮದುವೆಯಲ್ಲಿ ಪಾನ್ ಪೊಡ್ ಎಂದೂ ಹೆಸರು ಬೇರೆಯಾದರೂ ಹರಿವಾಣದ ಮೇಲಿನ ವಸ್ತು ಒಂದೇ. ಎಲೆ, ಅಡಿಕೆ, ಸುಣ್ಣ. ತಿನ್ನುವವರಿಗೆ ಬದಿಯಲ್ಲಿ ಒಂದು ತುಂಡು ಹೊಗೆಸೊಪ್ಪು.

ನನಗೆ ಕಾವ್ಯವ್ಯಾಕರಣಗಳನ್ನು ಕಲಿಸಿದ ಪಾಠಶಾಲೆಯ ಗುರುಗಳ ಬಾಯಿ ಬರಿದಾಗಿದ್ದುದನ್ನು ನಾನು ಕಂಡುದು ಊಟದ ಹೊತ್ತಿನಲ್ಲಿ ಮಾತ್ರ. ಹಿತ್ತಾಳೆಯ ಸುಣ್ಣದ ಡಬ್ಬಿಯು ಯಾವಾಗಲೂ ಅವರ ಸೊಂಟದಲ್ಲಿಯೇ ಇರುತ್ತಿತ್ತು. ಯಾರಾದರೂ ಹೊಗೆಸೊಪ್ಪಿನ ಕೇಡನ್ನು ಕುರಿತು ಎಚ್ಚರಿಸಿದರೆ, "ಐವತ್ತು ವರ್ಷದಿಂದ ತಿನ್ನುತ್ತಿದ್ದೇನೆ, ಗಲ್ಲ ಗಟ್ಟಿಯಾಗಿಯೇ ಇದೆಯಲ್ಲ!" ಎಂದು ನಕ್ಕುಬಿಡುವರು. ತರ್ಕದಲ್ಲಿ ನುರಿತವರ ಬಾಯಿಂದ ಬಂದ ಹೇತುವಾದುದರಿಂದ ವಿದ್ಯಾರ್ಥಿಗಳಾದ ನಮಗೂ ಅದು ಸರಿಯೆಂದೇ ತೋರುತ್ತಿತ್ತು. ಅವರ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಎಡಗಲ್ಲದೊಳಗೆ ಮಾಯದ ಹುಣ್ಣೊಂದು ಕಾಣಿಸಿಕೊಂಡಿತು. ವರ್ಷ ತುಂಬುವುದರೊಳಗೆ ಅವರು ತೀರಿಕೊಂಡರು. ಅವರ ಹೇತುವಿನಲ್ಲಿ ದೋಷವೆಲ್ಲಿತ್ತೆಂಬುದು ನನಗೆ ತಿಳಿದುದು, ಸೇವೆಯಿಂದ ನಿವೃತ್ತನಾದ ಮೇಲೆ, ಜೀವಕೋಶಗಳ ವಿಷಯವಾಗಿ ಕಳೆದ ನೂರು ವರ್ಷಗಳಲ್ಲಿ ನಡೆದ ಶೋಧಗಳ ಚರಿತ್ರೆಯನ್ನು ಓದತೊಡಗಿದಾಗ. ಆ ಚರಿತ್ರೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ತಾಂಬೂಲದ ಮಾತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಬಾಯಿಯ ಶುದ್ಧಿಗೂ ಸುಗಂಧಕ್ಕೂ ಜಾಜಿಕಾಯಿ, ಲವಂಗ, ಏಲಕ್ಕಿ, ಕರ್ಪೂರಗಳೊಡನೆ ಅಡಿಕೆಯೂ ವೀಳ್ಯದೆಲೆಯೂ ವಿಧಿಸಲ್ಪಟ್ಟಿವೆ. 1443ನೆಯ ಇಸವಿಯಲ್ಲಿ ಪಾರಸಿಕ ರಾಯಭಾರಿಯಾದ ಅಬ್ದುರ್ ರಜಾಕನು ನಮ್ಮ ಮಂಗಳೂರಿನ ಮೇಲಿಂದಲೇ ವಿಜಯನಗರಕ್ಕೆ ಹೋದನು. ಅಲ್ಲಿ ಅರಸನ ಕೈಯಿಂದ ವೀಳ್ಯವನ್ನು ಪಡೆದು, ಎಲೆಯ ಗುಣಗಳನ್ನು ಬಾಯ್ತುಂಬ ಹೊಗಳಿ ಬರೆದಿಟ್ಟನು. ಆದರೆ ಚರಕನ ತಾಂಬೂಲದಲ್ಲಾಗಲಿ ರಜಾಕನ ತಾಂಬೂಲದಲ್ಲಾಗಲಿ ಹೊಗೆಸೊಪ್ಪು ಇರಲಿಲ್ಲ. ಅದು ಅಮೆರಿಕದಿಂದ ಪೋರ್ತುಗೀಸರ ಹಡಗುಗಳಲ್ಲಿ ಬಂದ ಗಿಡ. ಅಕ್ಬರನ ಅಧಿಕಾರಿಯಾದ ಅಸದ್ ಬೇಗನು 1604ರಲ್ಲಿ ಹೊಗೆಸೊಪ್ಪನ್ನು ಕಂಡುದು ನಮ್ಮ ಬಿಜಾಪುರದಲ್ಲಿ. ಅದಕ್ಕೆ ಮೊದಲು ಅವನು ಅದನ್ನು ಕಂಡವನಲ್ಲವಾದುದರಿಂದ ಅಪೂರ್ವವಸ್ತುವೆಂದು ಬಗೆದು ಬಾದಶಹನಿಗೆ ಒಯ್ದು ಒಪ್ಪಿಸಿದನು. ಕನ್ನಡನಾಡಿನಿಂದ ಮೊಗಲರ ಆಸ್ಥಾನಕ್ಕೆ ಹೋದ ಕಾಣಿಕೆಗಳಲ್ಲಿ ಇದಕ್ಕಿಂತ ದೀರ್ಘಾಯುವಾದುದು ಬೇರೊಂದಿಲ್ಲವೆಂದು ತೋರುತ್ತದೆ.

ಈ ಚರಿತ್ರೆಯನ್ನು ಹಿಡಿದುಕೊಂಡು ನಾನು ಬಹುಕಾಲ ಒಂದು ವಾದವನ್ನು ಮಾಡುತ್ತಿದ್ದೆ. ಕೇಡೆಲ್ಲವೂ ಪರದೇಶದ ಹೊಗೆಸೊಪ್ಪಿನದು. ಶಾಸ್ತ್ರೋಕ್ತವಾದ ತಾಂಬೂಲವು ನಿರ್ದೋಷ. ನಾಲ್ಕು ನೂರು ವರ್ಷಗಳ ಹಿಂದಿನ ಹರಿವಾಣಕ್ಕೆ ಹಿಂದಿರುಗಿದರೆ ಸಾಕು ಎಂಬುದು ನನ್ನ ಪಕ್ಷ. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯವರು 1985ರಲ್ಲಿ ಕೊಟ್ಟ ನಿರ್ಣಯವೂ ನನಗೆ ಒತ್ತಾಸೆಯಾಗಿತ್ತು. ಹೊಗೆಸೊಪ್ಪು ಸೇರಿದ ವೀಳ್ಯವು ಅರ್ಬುದಕಾರಿ, ಸೇರದುದರ ಬಗ್ಗೆ ಸಾಕ್ಷ್ಯವು ಸಾಲದು ಎಂದು ಅವರು ಆಗ ಹೇಳಿದ್ದರು. ಆದರೆ ಅದೇ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಸ ಸಾಕ್ಷ್ಯಗಳನ್ನು ಪರಿಶೀಲಿಸಿ, ಹೊಗೆಸೊಪ್ಪಿಲ್ಲದ ವೀಳ್ಯವೂ, ಬರಿಯ ಅಡಿಕೆಯೂ ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡತಕ್ಕವೆಂದು ನಿರ್ಣಯಿಸಿತು. ಅಡಿಕೆತೋಟದ ಉತ್ಪತ್ತಿಯಿಂದಲೇ ಓದಿದ ನನಗೆ ಇದನ್ನು ಒಪ್ಪುವುದು ಸುಲಭವಾಗಲಿಲ್ಲ. ಒಪ್ಪದೆ ಇರಲು ಕಾರಣವೂ ದೊರೆಯಲಿಲ್ಲ.

ಹಾಗಾದರೆ ಗುರುಗಳ ಗಲ್ಲವು ಐವತ್ತು ವರ್ಷ ಹೇಗೆ ತಾಳಿತು?

ಸುಣ್ಣವು ಕ್ಷಾರ. ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಮಾಡುವ ಸುಣ್ಣದ ತೀಕ್ಷ್ಣತೆಯನ್ನು ನಾಲಗೆ ಸುಟ್ಟುಕೊಂಡವರೆಲ್ಲರೂ ಬಲ್ಲರು. ಅಡಿಕೆಯ ಒಗರಿಗೆ ಕಾರಣವಾದ ಸಾರಗಳು ಸುಣ್ಣದ ಸಂಗದಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ, ಬಾಯೊಳಗೆ ಅತ್ಯಂತ ಚುರುಕಾದ, ಸಿಕ್ಕಿದುದನ್ನು ಕಚ್ಚುವ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಸತ್ತ್ವದಿಂದಲೂ ಹೊಗೆಸೊಪ್ಪಿನ ಸತ್ತ್ವಗಳಿಂದಲೂ ನೈಟ್ರೊಸಮೀನುಗಳೆಂಬ ವಿಷಗಳು ಹುಟ್ಟುತ್ತವೆ. ಇವು ಗಲ್ಲದ ಒಳಪೊರೆಯ ಜೀವಕೋಶಗಳನ್ನು ಹೊಕ್ಕು, ಅಲ್ಲಿ ಸುರುಳಿ ಸುತ್ತಿಕೊಂಡಿರುವ ಡಿ.ಎನ್.ಎ. ಎಂಬ ದೀರ್ಘತಂತುವನ್ನು ಗಾಯಗೊಳಿಸುತ್ತವೆ. ಆ ತಂತುವಿನ ಒಂದೊಂದು ಭಾಗವೇ ಒಂದೊಂದು ವಂಶವಾಹಿ. ಕೋಶವು ಏನಾಗಬೇಕು, ಏನು ಮಾಡಬೇಕು ಎಂಬುದರ ಆಜ್ಞಾಪತ್ರ. ಗಲ್ಲದ ಮೇಲ್ಪದರವು ಕೆಲವು ವಾರಗಳಲ್ಲಿಯೇ ಸವೆದು ಉದುರಿ ಹೊಸದಾಗುತ್ತದೆಂಬುದು ನಿಜ. ಆದರೆ ಹೊಸದನ್ನು ಹುಟ್ಟಿಸುವ ತಾಯಿಕೋಶಗಳು ಕೆಳಪದರದಲ್ಲಿ ಉಳಿದೇ ಇರುತ್ತವೆ. ಅವುಗಳಿಗೆ ತಗುಲಿದ ಗಾಯವು ಉದುರಿಹೋಗುವುದಿಲ್ಲ. ದಿನಕ್ಕೆ ಹತ್ತು ಸಲ ಎಲೆ ಹಾಕುವವನ ಗಲ್ಲದಲ್ಲಿ ಇಂತಹ ಗಾಯಗಳು ಎಷ್ಟಾಗಬಹುದೆಂಬುದನ್ನು ವಾಚಕರೇ ಊಹಿಸಲಿ. ಆದರೂ ಹೆಚ್ಚಿನ ಗಲ್ಲಗಳು ದಶಕಗಟ್ಟಲೆ ತಾಳುತ್ತವೆ. ತಾಳುವುದಕ್ಕೆ ಕಾರಣವು ತಾಂಬೂಲದ ಸೌಮ್ಯತೆಯಲ್ಲ, ಕೋಶದೊಳಗಿನ ಕಾವಲು. ಈ ಕಾವಲುಗಾರರನ್ನು ಗುರುತಿಸಿದ ಕಥೆಯೇ ವಿಚಿತ್ರವಾದುದು. ಏಕೆಂದರೆ ಅವರಲ್ಲಿ ಹಲವರನ್ನು ಶಾಸ್ತ್ರಜ್ಞರು ಮೊದಲು ಕಂಡುದು ಕಳ್ಳರ ಗುಂಪಿನಲ್ಲಿ.

1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಎಂಬ ವೈದ್ಯನು ಕೋಳಿಯ ಗಡ್ಡೆಯೊಂದನ್ನು ಅರೆದು, ಕೋಶಗಳೊಂದೂ ಉಳಿಯದಂತೆ ಸೋಸಿ, ಆ ರಸದಿಂದ ಇನ್ನೊಂದು ಕೋಳಿಗೆ ಗಡ್ಡೆಯನ್ನು ಬರಿಸಿದನು. ರಸದಲ್ಲಿ ಒಂದು ವೈರಸ್ ಇತ್ತು. ಅದಕ್ಕೆ ನೊಬೆಲ್ ಬಹುಮಾನವು ಬಂದುದು 1966ರಲ್ಲಿ, ಐವತ್ತೈದು ವರ್ಷ ಕಾದ ಮೇಲೆ. ಆ ವೈರಸಿನಲ್ಲಿ ಗಡ್ಡೆಯನ್ನು ಬೆಳೆಸುವ ವಂಶವಾಹಿಯೊಂದಿದೆಯೆಂದು ಮುಂದೆ ತಿಳಿಯಿತು. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಿಷಪ್, ವಾರ್ಮಸ್ ಮತ್ತು ಅವರ ಸಂಗಡಿಗರು ಆ ವಂಶವಾಹಿಯ ಮೂಲವನ್ನು ಹುಡುಕುತ್ತ ಹೋದಾಗ ಅದು ಸಿಕ್ಕಿದುದು ರೋಗವಿಲ್ಲದ ಕೋಳಿಯ ಸ್ವಂತ ಕೋಶಗಳಲ್ಲಿ! ವೈರಸು ಅದನ್ನು ಅಲ್ಲಿಂದ ಕದ್ದಿತ್ತು. ಶತ್ರುವು ಹೊರಗಿನಿಂದ ಬರುತ್ತಾನೆಂಬ ಕಲ್ಪನೆಯು ಅಂದಿಗೆ ಮುರಿಯಿತು. ಅರ್ಬುದದ ವಂಶವಾಹಿಗಳೆಂದು ಹೆಸರಾದುವು ಆರೋಗ್ಯವಂತರೆಲ್ಲರ ಮೈಯಲ್ಲಿಯೂ ಇದ್ದು ಯಾವುದೋ ಉಪಯುಕ್ತವಾದ ಕೆಲಸವನ್ನು ಮಾಡುತ್ತಿವೆ ಎಂದಾಯಿತು. ಹೆಸರಿಡುವವರು ಅವಸರಪಟ್ಟರೆಂದೇ ನನ್ನ ಅಭಿಪ್ರಾಯ. ಬಾವಿಯ ಹಗ್ಗವನ್ನು ಯಾವನೋ ಕೊರಳಿಗೆ ಬಿಗಿದುಕೊಂಡನೆಂದು ಅದಕ್ಕೆ ನೇಣೆಂದೇ ಹೆಸರಿಡುವುದುಂಟೇ?

ಪಿ-53 ಎಂಬುದರ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. 1979ರಲ್ಲಿ ಡೇವಿಡ್ ಲೇನ್, ಆರ್ನಲ್ಡ್ ಲೆವಿನ್ ಮುಂತಾದವರು ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿ ಗಡ್ಡೆಯ ಕೋಶಗಳೊಳಗೆ ಒಂದು ಪ್ರೋಟೀನನ್ನು ಕಂಡರು. ಅದರ ತೂಕವನ್ನು ಸುಮಾರು 53 ಸಾವಿರ ಮಾನಗಳೆಂದು ಅಳೆದುದರಿಂದ ಆ ಹೆಸರು. ಗಡ್ಡೆಯಲ್ಲಿ ಸಿಕ್ಕಿದುದರಿಂದ ಇದೂ ಅರ್ಬುದಕಾರಿಯೆಂದು ಹತ್ತು ವರ್ಷ ನಂಬಿದರು. 1989ರ ಹೊತ್ತಿಗೆ, ತಾವು ಪ್ರಯೋಗಕ್ಕೆ ಬಳಸುತ್ತಿದ್ದ ಪ್ರತಿಗಳು ಕೆಟ್ಟುಹೋಗಿದ್ದ ಪ್ರತಿಗಳೆಂಬುದು ತಿಳಿಯಿತು. ಕೆಡದ ಪಿ-53 ಗಡ್ಡೆಯನ್ನು ಬೆಳೆಸುವುದಿಲ್ಲ, ತಡೆಯುತ್ತದೆ. ಅಶುದ್ಧಪಾಠವನ್ನು ಹಿಡಿದು ಕವಿಯನ್ನು ದೂಷಿಸಿದಂತಾಗಿತ್ತು. ಹಸ್ತಪ್ರತಿಗಳನ್ನು ಪರಿಷ್ಕರಿಸಿದವರಿಗೆ ಈ ಅವಸ್ಥೆಯು ಹೊಸತಲ್ಲ. 1992ರಲ್ಲಿ ಲೇನನೇ ಅದನ್ನು ವಂಶತಂತುವಿನ ರಕ್ಷಕನೆಂದು ಕರೆದನು.

ಅದರ ಕೆಲಸವನ್ನು ತಿಳಿಸಲು ನಮ್ಮೂರಿನ ಕುಂಬಾರರ ಕಸಬಿಗಿಂತ ಒಳ್ಳೆಯ ದೃಷ್ಟಾಂತವು ನನಗೆ ಕಾಣದು. ಹಸಿ ಮಡಕೆಯನ್ನು ಆವಿಗೆಗೆ ಇಡುವ ಮುಂಚೆ ಕುಂಬಾರನು ಬಿರುಕುಂಟೋ ಎಂದು ನೋಡುತ್ತಾನೆ. ಸಣ್ಣ ಬಿರುಕಾದರೆ ಅದನ್ನು ಬದಿಗಿಟ್ಟು, ನೀರು ಸವರಿ, ಮಣ್ಣು ಮೆತ್ತಿ ಸರಿಪಡಿಸುತ್ತಾನೆ. ಸರಿಹೋಗದ ಬಿರುಕಾದರೆ ಮಡಕೆಯನ್ನು ಮುರಿದು ಮರಳಿ ಮಣ್ಣಿನ ಮುದ್ದೆಗೆ ಸೇರಿಸುತ್ತಾನೆ. ಹಾಗೆಯೇ ಡಿ.ಎನ್.ಎ.ಗೆ ಗಾಯವಾದೊಡನೆ ಪಿ-53 ಎಚ್ಚೆತ್ತು, ಕೋಶವು ಎರಡಾಗಿ ಒಡೆಯುವುದನ್ನು ನಿಲ್ಲಿಸುತ್ತದೆ. ದುರಸ್ತಿಗೆ ಅವಕಾಶ ಕೊಡುತ್ತದೆ. ದುರಸ್ತಿಯಾಗದಿದ್ದರೆ ಕೋಶಕ್ಕೆ ಮರಣವನ್ನು ವಿಧಿಸುತ್ತದೆ. ಸತ್ತ ಕೋಶದ ಚೂರುಗಳನ್ನು ನೆರೆಯ ಕೋಶಗಳು ನುಂಗಿ ಬಳಸಿಕೊಳ್ಳುತ್ತವೆ. ಕೋಶವು ಹೀಗೆ ತಾನಾಗಿ ಕಳಚಿಕೊಳ್ಳುವುದನ್ನು 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವರ್ಣಿಸಿ, ಅಬರ್ಡೀನಿನ ಗ್ರೀಕ್ ಭಾಷೆಯ ಅಧ್ಯಾಪಕರೊಬ್ಬರನ್ನು ಕೇಳಿ ಎಲೆಯುದುರುವುದೆಂಬ ಅರ್ಥದ ಅಪೊಪ್ಟೋಸಿಸ್ ಎಂಬ ಪದವನ್ನು ಇಟ್ಟರು. ವೈದ್ಯಶಾಸ್ತ್ರಕ್ಕೆ ಭಾಷಾಪಂಡಿತರಿಂದಲೂ ಪ್ರಯೋಜನವುಂಟೆಂದು ನನಗೆ ಸಂತೋಷವಾಯಿತು.

ಗಾಯಗೊಂಡುದು ಸಾಯುವುದು ಹೀಗಾದರೆ, ಗಾಯಗೊಂಡೂ ಬದುಕಿಸುವ ವಂಶವಾಹಿಗಳು ಬೇರೆ ಉಂಟು. 1984ರ ಸುಮಾರಿಗೆ ಫಿಲಡೆಲ್ಫಿಯಾದಲ್ಲಿ ತ್ಸುಜಿಮೊಟೊ ಮತ್ತು ಕ್ರೋಚೆ ಎಂಬವರು ಹಾಲುರಸಗ್ರಂಥಿಗಳ ಒಂದು ಬಗೆಯ ಅರ್ಬುದದಲ್ಲಿ ಬಿ.ಸಿ.ಎಲ್.-2 ಎಂಬ ವಂಶವಾಹಿಯು ಸ್ಥಾನಪಲ್ಲಟ ಹೊಂದಿದುದನ್ನು ಕಂಡರು. ಇದು ಕೋಶವನ್ನು ಬೇಗ ಬೇಗ ಒಡೆಯಿಸುತ್ತಿರಬೇಕೆಂದು ಎಲ್ಲರ ಊಹೆ. ಏಕೆಂದರೆ ಅರ್ಬುದವೆಂದರೆ ಅತಿವೃದ್ಧಿಯೆಂದೇ ಅಂದಿನ ಮತ. 1988ರಲ್ಲಿ ಮೆಲ್ಬೋರ್ನಿನ ಡೇವಿಡ್ ವಾ, ಸುಸಾನ್ ಕೋರಿ, ಜೆರ್ರಿ ಆಡಮ್ಸ್ ಎಂಬವರು ಈ ವಂಶವಾಹಿಯನ್ನು ರಕ್ತದ ಕೋಶಗಳಲ್ಲಿಟ್ಟು, ಅವುಗಳಿಗೆ ಅವಶ್ಯವಾದ ಪೋಷಕರಸವನ್ನು ತೆಗೆದುಬಿಟ್ಟರು. ಸಾಮಾನ್ಯ ಕೋಶಗಳು ಕೆಲವು ದಿನಗಳಲ್ಲಿ ಸತ್ತುವು. ಬಿ.ಸಿ.ಎಲ್.-2 ಉಳ್ಳವು ಬೆಳೆಯಲೂ ಇಲ್ಲ, ಒಡೆಯಲೂ ಇಲ್ಲ, ಆದರೆ ಸಾಯಲಿಲ್ಲ. ಅರ್ಬುದವು ಬೆಳೆಯುವ ಆತುರದಿಂದ ಮಾತ್ರವಲ್ಲ, ಸಾಯಲೊಲ್ಲದ ಹಟದಿಂದಲೂ ಹುಟ್ಟುವುದೆಂಬುದು ಆ ಸಣ್ಣ ತಟ್ಟೆಯಲ್ಲಿ ಕಂಡಿತು. 1992ರಲ್ಲಿ ಮನುಷ್ಯನ ಇದೇ ವಂಶವಾಹಿಯನ್ನು ಮಿಲಿಮೀಟರ್ ಉದ್ದದ ಹುಳುವೊಂದರಲ್ಲಿ ಇಟ್ಟಾಗ ಅಲ್ಲಿಯೂ ಅದು ಸಾಯತಕ್ಕ ಕೋಶಗಳನ್ನು ಉಳಿಸಿತು. ಅರ್ಬುದಕ್ಕೆಂದು ಹುಟ್ಟಿದುದಲ್ಲ, ಪ್ರಾಣಿಗಳು ಬಹು ಪುರಾತನಕಾಲದಿಂದ ಕಾಪಾಡಿಕೊಂಡು ಬಂದ ಸಾಧನವದು.

ಇನ್ನೂ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ತಾಂಬೂಲಕ್ಕೆ ಅದು ನೇರವಾಗಿ ಸಂಬಂಧಪಟ್ಟುದು. ಎನ್.ಆರ್.ಎಫ್.-2 ಎಂಬ ಪ್ರೋಟೀನು ಎಂದಿನ ದಿನಗಳಲ್ಲಿ ಇನ್ನೊಂದರ ಹಿಡಿತದಲ್ಲಿ ಕಟ್ಟಿಹಾಕಲ್ಪಟ್ಟು, ಹುಟ್ಟಿದಷ್ಟೂ ನಾಶವಾಗುತ್ತಿರುತ್ತದೆ. ಸುಣ್ಣ ಅಡಿಕೆಗಳಿಂದ ಹುಟ್ಟುವಂತಹ ಆಮ್ಲಜನಕದ ಉರಿ ತಗುಲಿದಾಗ ಕಟ್ಟು ಸಡಿಲುತ್ತದೆ. ಅದು ಕೋಶದ ನಡುಮನೆಗೆ ಹೋಗಿ, ಉರಿಯನ್ನು ಆರಿಸುವ ಹತ್ತಾರು ವಂಶವಾಹಿಗಳನ್ನು ಎಬ್ಬಿಸುತ್ತದೆ. ಉರಿ ಆರಿದ ಮೇಲೆ ಮತ್ತೆ ಕಟ್ಟು. ಆದರೆ ಕೆಲವು ಅರ್ಬುದಗಳಲ್ಲಿ ಈ ಕಟ್ಟೇ ಕಡಿದುಹೋಗಿರುವುದನ್ನು ಕಳೆದ ಎರಡು ದಶಕಗಳಲ್ಲಿ ಕಂಡಿದ್ದಾರೆ. ಅಂಥ ಗಡ್ಡೆಯಲ್ಲಿ ಬೆಂಕಿಯಾರಿಸುವ ದಳವು ಹಗಲಿರುಳೂ ಎಚ್ಚರವಾಗಿದ್ದು, ವೈದ್ಯರು ಕೊಡುವ ಔಷಧವನ್ನೂ ಕಿರಣಗಳನ್ನೂ ಬೆಂಕಿಯೆಂದೇ ತಿಳಿದು ಆರಿಸಿಬಿಡುತ್ತದೆ.

ಈಗ ಗುರುಗಳ ಹೇತುವನ್ನು ಪರೀಕ್ಷಿಸಬಹುದು. "ಐವತ್ತು ವರ್ಷ ಗಲ್ಲ ಕೆಡಲಿಲ್ಲ, ಆದುದರಿಂದ ಕೆಡಿಸುವ ವಸ್ತುವಿಲ್ಲ" ಎಂಬುದು ಅವರ ಅನುಮಾನ. ಗಲ್ಲವು ಕೆಡದಿದ್ದುದು ಕಾವಲುಗಾರರು ದಿನವೂ ದುಡಿದುದರಿಂದ. ದಿನವೂ ದುಡಿಯಬೇಕಾದುದು ದಿನವೂ ಗಾಯವಾದುದರಿಂದ. ನ್ಯಾಯಶಾಸ್ತ್ರದಲ್ಲಿ ಸಾಧ್ಯಕ್ಕೆ ವಿಪರೀತವಾದುದನ್ನೇ ಸಾಧಿಸುವ ಹೇತುವಿಗೆ ವಿರುದ್ಧವೆಂದು ಹೆಸರು. ಅದನ್ನು ನಮಗೆ ಪಾಠ ಹೇಳಿದವರು ಅವರೇ. ಮೇಲಾಗಿ ಆ ಕಾವಲುಗಾರರ ಆಜ್ಞಾಪತ್ರಗಳೂ ಅದೇ ಡಿ.ಎನ್.ಎ.ಯಲ್ಲಿ ಬರೆದಿರುವುವು, ಅವರಿಗೇ ಗಾಯ ತಗುಲುವ ದಿನವೂ ಒಂದು ಬರಬಹುದು. ಸಾವನ್ನು ವಿಧಿಸುವವನು ಕೆಟ್ಟು, ಬದುಕಿಸುವವನು ಉಳಿದ ಕೋಶದಿಂದಲೇ ಗಡ್ಡೆಯು ಹುಟ್ಟುತ್ತದೆ.

ಇದು ಬರಿಯ ಊಹೆಯಲ್ಲ. ನಮ್ಮ ದೇಶದಲ್ಲಿ 1902ರಲ್ಲಿಯೇ ಮದ್ರಾಸಿನ ವೈದ್ಯ ನಿಬ್ಲಾಕನು ಗಲ್ಲದ ಅರ್ಬುದಕ್ಕೂ ವೀಳ್ಯಕ್ಕೂ ಸಂಬಂಧವನ್ನು ಕಂಡು ಬರೆದನು. 1933ರಲ್ಲಿ ಓರ್ ಎಂಬವನು ತಿರುವಾಂಕೂರಿನ ರೋಗಿಗಳನ್ನು ಕುರಿತು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೇ ವಿಸ್ತರಿಸಿದನು. 1955ರಲ್ಲಿ ಮುಂಬಯಿಯ ಸಂಘ್ವಿ, ರಾವ್, ಖಾನೋಲ್ಕರ್ ಎಂಬವರು ಹೊಗೆಸೊಪ್ಪನ್ನು ಸೇದುವವರನ್ನೂ ಅಗಿಯುವವರನ್ನೂ ಬೇರೆ ಬೇರೆಯಾಗಿ ಎಣಿಸಿ ಬಾಯಿ ಗಂಟಲುಗಳ ಅರ್ಬುದವನ್ನು ಲೆಕ್ಕಹಾಕಿದರು. ಇವರೆಲ್ಲರೂ ಹೊರಗಿನಿಂದ ಕಂಡವರು. ಒಳಗಿನಿಂದ ಕಾಣಿಸಿದುದು 2013ರಲ್ಲಿ. ಬಂಗಾಲದ ಕಲ್ಯಾಣಿಯ ಮತ್ತು ನವಮುಂಬಯಿಯ ಸಂಶೋಧಕರು ಕೂಡಿ, ನಮ್ಮ ದೇಶದ 50 ರೋಗಿಗಳ ಒಸಡು ಮತ್ತು ಗಲ್ಲದ ಗಡ್ಡೆಗಳ ಡಿ.ಎನ್.ಎ.ಯನ್ನು ಓದಿ, ಬಳಿಕ ಇನ್ನೂ 60 ರೋಗಿಗಳಲ್ಲಿ ತಾಳೆನೋಡಿದರು. ಮತ್ತೆ ಮತ್ತೆ ಕೆಟ್ಟಿರುವುದಾಗಿ ಸಿಕ್ಕಿದ ವಂಶವಾಹಿಗಳಲ್ಲಿ ಎರಡನ್ನು ಹೇಳಿದರೆ ಸಾಕು. ಒಂದು, ಪಿ-53. ಇನ್ನೊಂದು, ಕ್ಯಾಸ್ಪೇಸ್-8; ಕೋಶವನ್ನು ಕಳಚಿಹಾಕುವ ಕತ್ತರಿಗಳಲ್ಲಿ ಮೊದಲನೆಯದು. ತೀರ್ಪು ಕೊಡುವವನೂ ಇಲ್ಲ, ನಡೆಸುವವನೂ ಇಲ್ಲ.

ಕಾವಲಿನ ಈ ಜ್ಞಾನದಿಂದ ಚಿಕಿತ್ಸೆಗೂ ದಾರಿಯಾಗಿದೆ. ಗಡ್ಡೆಯು ಯಾವ ಊರುಗೋಲನ್ನು ಹಿಡಿದು ಬದುಕಿದೆಯೋ ಅದನ್ನೇ ಕಸಿದುಕೊಳ್ಳುವುದು ಇದರ ಉಪಾಯ. ಬಿ.ಸಿ.ಎಲ್.-2 ಅನ್ನು ತಡೆಯುವ ವೆನೆಟೋಕ್ಲಾಕ್ಸ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ರಕ್ತದ ಅರ್ಬುದವೊಂದರ ಚಿಕಿತ್ಸೆಗಾಗಿ ಅನುಮತಿಯಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಮತ್ತು ಅವರ ಸಂಗಡಿಗರು, ತುಂಡಾದ ಡಿ.ಎನ್.ಎ.ಯ ತುದಿಗಳನ್ನು ಬೆಸೆಯುವ ಲೈಗೇಸ್-4 ಎಂಬುದನ್ನು ತಡೆಯುವ ವಸ್ತುವನ್ನು ರಚಿಸಿ, ಎಸ್.ಸಿ.ಆರ್.-7 ಎಂದು ಹೆಸರಿಟ್ಟು, 2012ರಲ್ಲಿ ಸೆಲ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಸುಗೆ ನಿಂತರೆ ಗಾಯಗೊಂಡ ಗಡ್ಡೆಕೋಶಗಳು ಬದುಕಲಾರವೆಂಬುದು ಅವರ ಆಶಯ. ಇಲಿಗಳಲ್ಲಿ ಗಡ್ಡೆಗಳು ಕುಗ್ಗಿದುದನ್ನೂ ತೋರಿಸಿದರು. 2016ರಲ್ಲಿ ಅಮೆರಿಕದ ಕೆಲವರು ಇದನ್ನು ಪರೀಕ್ಷಿಸಿ, ಆ ವಸ್ತುವು ಹೇಳಿದಷ್ಟು ಪ್ರಬಲವೂ ಅಲ್ಲ, ಲೈಗೇಸ್-4 ಒಂದನ್ನೇ ಆರಿಸಿ ತಡೆಯುವುದೂ ಅಲ್ಲವೆಂದು ಆಕ್ಷೇಪಿಸಿದರು. ನಮ್ಮವರದೆಂದು ಆಕ್ಷೇಪವನ್ನು ಮರೆಮಾಡುವುದು ಸರಿಯಲ್ಲ. ಆಕ್ಷೇಪ ಬಂದಿತೆಂದು ಕೆಲಸವನ್ನು ಹಳಿಯುವುದೂ ಸರಿಯಲ್ಲ. ಪೂರ್ವಪಕ್ಷವಿಲ್ಲದೆ ಸಿದ್ಧಾಂತವಾದ ಶಾಸ್ತ್ರವು ಯಾವುದುಂಟು?

1973ನೆಯ ಇಸವಿಯಲ್ಲಿ, ಅಡಿಕೆ ಬೆಳೆಗಾರರ ಕಷ್ಟವನ್ನು ನೀಗಲು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಸಂಘವು ಹುಟ್ಟಿತು. ಅದೇ ಇಸವಿಯಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಹುಟ್ಟಿತು. ಇದು ಕಾಕತಾಳೀಯ, ಇದರಿಂದ ಯಾರನ್ನೂ ದೂರಲಾಗದು. ಆದರೆ ನಮ್ಮ ಜಿಲ್ಲೆಯ ಅನೇಕ ಮನೆಗಳು ಮಕ್ಕಳನ್ನು ಓದಿಸಿದುದು ಆ ಬೆಳೆಯಿಂದ. ಅವೇ ಮನೆಗಳಲ್ಲಿ ಕೆಲವು ಹಿರಿಯರು ಹೋದುದು ಆ ರೋಗದಿಂದ. 2022ರಲ್ಲಿ ಲೋಕದಲ್ಲಿ ಬಾಯಿಯ ಅರ್ಬುದವು ಸುಮಾರು 3 ಲಕ್ಷ 90 ಸಾವಿರ ಮಂದಿಗೆ ಬಂದಿತೆಂದೂ, ಅದರಲ್ಲಿ ಸುಮಾರು 1 ಲಕ್ಷ 20 ಸಾವಿರವು ಹೊಗೆಯಿಲ್ಲದ ತಂಬಾಕಿನಿಂದಲೋ ಅಡಿಕೆಯಿಂದಲೋ ಆದುದೆಂದೂ, ಅವರಲ್ಲಿ ಹೆಚ್ಚಿನವರು ಭಾರತದವರೆಂದೂ ಲಿಯೋನಿನ ಆ ಸಂಸ್ಥೆಯವರು 2024ರಲ್ಲಿ ಅಂದಾಜು ಮಾಡಿದ್ದಾರೆ. ತೋಟದ ಹಿತಕ್ಕಾಗಿ ಈ ಮಾತನ್ನು ಮುಚ್ಚಿಡಬೇಕೆಂಬ ಸ್ನೇಹಿತರೊಡನೆ ನಾನು ಒಪ್ಪಲಾರೆ. ತೋಟವನ್ನು ಕಡಿಯಿರೆಂಬವರೊಡನೆಯೂ ನಾನಿಲ್ಲ. ಕಡಿದ ತೋಟದವನು ನಾಳೆ ಏನನ್ನು ಉಣ್ಣಬೇಕೆಂದು ಅವರು ಹೇಳುವುದಿಲ್ಲ.

ಗಲ್ಲವು ಸೋಲುವ ಮುಂಚೆ ಸೂಚನೆ ಕೊಡುವುದುಂಟು. ಬಿಳಿಯ ಅಥವಾ ಕೆಂಪಿನ ಉಜ್ಜಿದರೂ ಹೋಗದ ಮಚ್ಚೆ. ಖಾರ ತಾಗಿದರೆ ತಾಳಲಾರದ ಉರಿ. ಮೂರು ವಾರ ಕಳೆದರೂ ಮಾಯದ ಹುಣ್ಣು. ಬಾಯಿ ಅಗಲಿಸಲು ಬರಬರುತ್ತ ಕಷ್ಟವಾಗುವುದು. ಈ ಕೊನೆಯದು ಅಡಿಕೆ ಜಗಿಯುವವರಲ್ಲಿ ವಿಶೇಷವಾಗಿ ಕಾಣುವ ಒಳಪೊರೆಯ ಗಡಸುತನ. 1952ರಲ್ಲಿ ಶ್ವಾರ್ಟ್ಜ್ ಎಂಬವನು ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಇದನ್ನು ಗುರುತಿಸಿದನು. ಊರು ಬಿಟ್ಟು ಕಡಲು ದಾಟಿದರೂ ಹರಿವಾಣವು ಅವರ ಸಂಗಡ ಹೋಗಿತ್ತು. ನಮ್ಮ ಗುರುಗಳು ಕೊನೆಯ ಎರಡು ವರ್ಷ ತುತ್ತನ್ನು ಸಣ್ಣದಾಗಿ ಮಾಡಿಕೊಂಡು ಉಣ್ಣುತ್ತಿದ್ದರು. ವಯಸ್ಸಾಯಿತೆಂದು ನಾವು ತಿಳಿದಿದ್ದೆವು.

ನಮ್ಮ ಮನೆಯಲ್ಲಿ ಹರಿವಾಣವು ಈಗಲೂ ಉಂಟು. ಬಂದವರ ಕೈಯಲ್ಲಿ ಎರಡು ಎಲೆ, ಒಂದು ಇಡಿ ಅಡಿಕೆಯನ್ನಿಟ್ಟು ನಮಸ್ಕರಿಸುತ್ತೇವೆ. ಅಡಿಕೆಯನ್ನು ಕತ್ತರಿಸಿ ಇಡುವುದಿಲ್ಲ. ಗುರುಗಳ ಮಗ ನನಗೆ ಕೊಟ್ಟ ಆ ಹಿತ್ತಾಳೆಯ ಡಬ್ಬಿಯಲ್ಲಿ ನನ್ನ ಪತ್ನಿ ಕುಂಕುಮವನ್ನು ಹಾಕಿಟ್ಟಿದ್ದಾಳೆ.